ಕಡಲು ಮುಚ್ಚಿದ ಮೇಲೆ ಬರುವ ಇಂಟರ್ನ್‌ಗಳು

ಮೇ ಕೊನೆಯ ವಾರ. ಮಲ್ಪೆ ಬಂದರಿನ ಧಕ್ಕೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಎಂ.ಎಸ್ಸಿ. ಓದುತ್ತಿದ್ದ ಹುಡುಗಿಯೊಬ್ಬಳು ಕುಕ್ಕರಗಾಲಲ್ಲಿ ಕೂತು ತೊರಕೆ ಮೀನಿಗೆ ಟೇಪು ಹಿಡಿದಿದ್ದಳು. ಬಾಲ ಎಷ್ಟೋ ಸಲ ತುಂಡಾಗಿರುವುದರಿಂದ ತೊರಕೆಯ ಉದ್ದ ಅಳೆದು ಉಪಯೋಗವಿಲ್ಲ, ಅಗಲವನ್ನೇ ಬರೆದುಕೊಳ್ಳಬೇಕು. ಆಮೇಲೆ ಮಗುಚಿ ಹಾಕಿ ಗಂಡೋ ಹೆಣ್ಣೋ ನೋಡಬೇಕು. ನಾಲ್ಕನೆಯದಕ್ಕೆ ಟೇಪು ಇಡುವಷ್ಟರಲ್ಲಿ ಹರಾಜು ಕೂಗಿದರು, ಬುಟ್ಟಿ ಎದ್ದುಹೋಯಿತು. ಅವಳ ಮುಖ ನೋಡಿದ ದೋಣಿಯ ಮುಖ್ಯಸ್ಥ ತಾಂಡೇಲರು, ‘ಮರಿ ಬೇಕಾದ್ರೆ ಅಲ್ಲಿ ನೋಡು ತಂಗಿ, ಅದು ಹರಾಜಿಗೆ ಬರುವುದಿಲ್ಲ’ ಎಂದು ಫಿಶ್‌ಮೀಲ್ ಫ್ಯಾಕ್ಟರಿಗೆ ಹೋಗಲಿದ್ದ ರಾಶಿಯನ್ನು ತೋರಿಸಿದರು. ಅಂಗೈಯಷ್ಟಗಲದ ತೊರಕೆ ಮರಿಗಳು, ಹೆಸರು ಹಚ್ಚಲಾಗದ ಸಣ್ಣ ಮೀನುಗಳ ನಡುವೆ ಬಿದ್ದಿದ್ದವು. ತೊರಕೆ ಸಾವಿರಗಟ್ಟಲೆ ಮೊಟ್ಟೆ ಇಡುವ ಮೀನಲ್ಲ, ಹಾಕುವುದು ಕೆಲವೇ ಮರಿ. ಹರಾಜಿನ ಬುಟ್ಟಿಯನ್ನಷ್ಟೇ ಎಣಿಸಿ ಹೋಗಿದ್ದರೆ ಅವಳ ಲೆಕ್ಕವೇ ತಪ್ಪುತ್ತಿತ್ತು.

ಕಡಲ ಸಂರಕ್ಷಣೆಯ ಇಂಟರ್ನ್‌ಶಿಪ್ ಎಂದರೆ ನನ್ನ ಮಟ್ಟಿಗೆ ಆ ಗಳಿಗೆಯೇ. ಆದರೆ ನಮ್ಮ ಕರಾವಳಿಯಲ್ಲಿ ಈ ಇಂಟರ್ನ್‌ಶಿಪ್‌ಗಳು ನಡೆಯುವ ಕ್ರಮ ಅಂಥ ಗಳಿಗೆಯನ್ನು ತಪ್ಪಿಸುವಂತೆಯೇ ಇದೆ. ವಿದ್ಯಾರ್ಥಿಗಳಿಗೆ ಬಿಡುವು ಸಿಗುವುದು ಪರೀಕ್ಷೆ ಮುಗಿದ ಮೇಲೆ, ಮಳೆಗಾಲದ ಬಾಯಲ್ಲಿ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕಡಲಿಗಿಳಿಯಲು ನಿಷೇಧ. ಉತ್ತರ ಕನ್ನಡದ ಮರಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುವ ಚಳಿಗಾಲದ ರಾತ್ರಿಗಳು ಅಷ್ಟರಲ್ಲಿ ಕಳೆದಿರುತ್ತವೆ. ಒಂದು ಗೂಡಿನಿಂದ ಮರಿ ಹೊರಬರಲು 45ರಿಂದ 60 ದಿನ ಬೇಕು. ಮರಿ ಗಂಡೋ ಹೆಣ್ಣೋ ಎಂಬುದನ್ನು ಆ ದಿನಗಳ ಮರಳಿನ ಬಿಸಿಯೇ ನಿರ್ಧರಿಸುತ್ತದೆ. ಒಂದು ತಿಂಗಳಿಗೆ ಬಂದವರಿಗೆ, ಅದೂ ಜೂನ್‌ನಲ್ಲಿ ಬಂದವರಿಗೆ, ಇದರಲ್ಲಿ ಯಾವುದು ಕಣ್ಣಿಗೆ ಬಿದ್ದೀತು? ಹಾಗಾಗಿ ಪೋಸ್ಟರ್ ಬರೆಸುತ್ತಾರೆ, ದಂಡೆಯ ಪ್ಲಾಸ್ಟಿಕ್ ಹೆಕ್ಕಿಸುತ್ತಾರೆ, ಪ್ರಮಾಣಪತ್ರ ಕೊಟ್ಟು ಕಳಿಸುತ್ತಾರೆ. ದಂಡೆ ಸ್ವಚ್ಛವಾಗುವುದು ಒಳ್ಳೆಯದೇ. ಆದರೆ ಸ್ನಾತಕೋತ್ತರ ವಿದ್ಯಾರ್ಥಿಯಿಂದ ಕಡಲಿಗೆ ಬೇಕಾದದ್ದು ಅದಲ್ಲ.

ಇನ್ನೊಂದು ನೋವು ದುಡ್ಡಿನದು. ಬಹಳಷ್ಟು ಕಡೆ ಸಂಬಳವಿಲ್ಲ. ಬಾಡಿಗೆ, ಊಟ, ಬಸ್ಸಿನ ಖರ್ಚು ಮನೆಯವರದು. ಕೆಲವು ಕಡೆ ಸ್ಕೂಬಾ ಕಲಿತಿರಬೇಕು ಎಂಬ ಷರತ್ತೂ ಇದೆ. ದೋಣಿಗಳು ದಡ ಸೇರಿ ಸಂಪಾದನೆ ನಿಂತ ಎರಡು ತಿಂಗಳಲ್ಲಿ ಮೀನುಗಾರರ ಮನೆಯ ಹುಡುಗಿ ಈ ಖರ್ಚು ಎಲ್ಲಿಂದ ತರಬೇಕು? ಕೊಂಕಣಿಯಲ್ಲೋ ತುಳುವಿನಲ್ಲೋ ಮೀನಿನ ಹೆಸರು ಹೇಳಿ, ಯಾವ ಬಲೆಗೆ ಯಾವುದು ಬೀಳುತ್ತದೆಂದು ತಿಳಿದವಳು ಹೊರಗುಳಿಯುತ್ತಾಳೆ. ಇದಕ್ಕೆ ಅನ್ಯಾಯ ಎನ್ನುವುದು ಬಿಟ್ಟರೆ ಬೇರೆ ಮಾತು ನನಗೆ ತೋಚುವುದಿಲ್ಲ. ಅಮೆರಿಕದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳಿಗಾಗಿ 1979ರಲ್ಲಿ ಶುರುವಾದ ನಾಸ್ ಸಾಗರ ನೀತಿ ಫೆಲೋಶಿಪ್ ಇದೆ. ಒಂದು ವರ್ಷದ ಅವಧಿ, ವೇತನ ಸಹಿತ. ಅವರಷ್ಟು ಹಣ ನಮ್ಮಲ್ಲಿಲ್ಲ, ನಿಜ. ಕಲಿಯುವವರ ದುಡಿಮೆಯೂ ದುಡಿಮೆಯೇ ಎಂದು ಒಪ್ಪಲು ಅಷ್ಟು ಹಣ ಬೇಕಿಲ್ಲ.

ಕಾರವಾರದಲ್ಲಿ ಕಡಲ ಪಕ್ಕದಲ್ಲೇ ಸಾಗರ ಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗವಿದೆ. ಮಂಗಳೂರಿನ ಮೀನುಗಾರಿಕಾ ಕಾಲೇಜಿಗೆ 1969ರಿಂದ ಬಂದ ಅನುಭವವಿದೆ. ಇಂಥವರು ರಜೆಗೆ ಕಾಯಬೇಕಿಲ್ಲ. ಡಿಸೆಂಬರಿನಿಂದ ಮಾರ್ಚ್‌ವರೆಗಿನ ಸೆಮಿಸ್ಟರಿನೊಳಗೇ ಕ್ಷೇತ್ರಕಾರ್ಯವನ್ನು ಸೇರಿಸಿ ಅಂಕ ಕೊಡಬಹುದು. ಆಮೆಯ ಗೂಡು ಕಂಡ ರಾತ್ರಿಯಿಂದ ಮರಿ ಕಡಲು ಸೇರುವವರೆಗೆ ಒಬ್ಬ ವಿದ್ಯಾರ್ಥಿನಿ ಅಲ್ಲಿರಲು ಸಾಧ್ಯವಾಗುವುದು ಆಗ ಮಾತ್ರ.

ಅವತ್ತು ಧಕ್ಕೆಯಿಂದ ಹೊರಡುವಾಗ ತಾಂಡೇಲರು ಅವಳನ್ನು ಕೇಳಿದ್ದರು: ‘ಹೋದ ವರ್ಷವೂ ಒಬ್ಬ ಹುಡುಗ ಹೀಗೇ ಬರೆದುಕೊಂಡು ಹೋದ. ಅದು ಏನಾಯಿತು?’ ಅವಳಿಗೆ ಗೊತ್ತಿರಲಿಲ್ಲ. ಆ ಲೆಕ್ಕ ಯಾರದೋ ಕಂಪ್ಯೂಟರಿನಲ್ಲಿ ಇದ್ದೀತು. ಅದರ ಸಾರ ಕನ್ನಡದಲ್ಲಿ ಒಂದು ಹಾಳೆಯಾಗಿ, ಆಗಸ್ಟ್ 1ಕ್ಕೆ ದೋಣಿ ನೀರಿಗಿಳಿಯುವ ಮೊದಲು ಮೀನುಗಾರರ ಸಂಘದ ಗೋಡೆಯ ಮೇಲೆ ಇರಬೇಕಿತ್ತು.