ದ್ವೀಪಪ್ರವಾಸವೂ ಪ್ರವಾಸಸಾಹಿತ್ಯವೂ

ಕನ್ನಡದಲ್ಲಿ ಕಾವ್ಯ, ಕಾದಂಬರಿ, ನಾಟಕಗಳ ವಿಮರ್ಶೆಯು ಬೆಳೆದಷ್ಟು ಪ್ರವಾಸಸಾಹಿತ್ಯದ ವಿಮರ್ಶೆಯು ಬೆಳೆದಿಲ್ಲ. ಪ್ರವಾಸಗ್ರಂಥವೊಂದು ಕೈಗೆ ಬಂದರೆ ‘ಶೈಲಿಯು ಸರಳವಾಗಿದೆ, ಓದಿದವರಿಗೆ ಆ ದೇಶವನ್ನು ಕಣ್ಣಾರೆ ಕಂಡಂತಾಗುತ್ತದೆ’ ಎಂದು ಎರಡು ಮಾತು ಬರೆದು ಮುಗಿಸುವುದು ನಮ್ಮ ರೂಢಿ. ಕಂಡಂತಾಗುವುದೆಂದರೇನು? ಎಲ್ಲಿ ಕುಳಿತು ಕಂಡದ್ದು? ಯಾರ ಖರ್ಚಿನಿಂದ ಕಂಡದ್ದು? ಯಾರನ್ನು ಕೇಳಿ ಕಂಡದ್ದು? ಈ ಪ್ರಶ್ನೆಗಳನ್ನು ಎತ್ತದೆ ಇಂತಹ ಗ್ರಂಥದ ಬೆಲೆಯನ್ನು ಕಟ್ಟಲಾಗದೆಂಬುದು ಈ ಲೇಖಕನ ಅಭಿಪ್ರಾಯ. ವಿಷಯವು ಹರಡಿಹೋಗದಂತೆ ಇಲ್ಲಿ ದ್ವೀಪಪ್ರವಾಸವನ್ನೇ, ಅದರಲ್ಲಿಯೂ ಅಂಡಮಾನ್ ದ್ವೀಪಗಳನ್ನೇ ಮುಖ್ಯ ಉದಾಹರಣೆಯಾಗಿ ಎತ್ತಿಕೊಳ್ಳಲಾಗಿದೆ.

ನಮ್ಮ ಪ್ರವಾಸಗ್ರಂಥಗಳನ್ನು ಪ್ರವಾಸದ ಸಂದರ್ಭದಿಂದ ವಿಂಗಡಿಸಿ ನೋಡುವುದು ಉಪಯುಕ್ತ. ಮೊದಲನೆಯದು ಕ್ಷೇತ್ರದರ್ಶನದ ಬಗೆ. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ಯಲ್ಲಿ ಹಾಳುಹಂಪೆಯೇ ಕ್ಷೇತ್ರ. ಎರಡನೆಯದು ವಿದ್ಯಾರ್ಜನೆಯ ಬಗೆ. ನಮ್ಮ ಸಾಂಗಲಿಯ ವಿಲಿಂಗ್ಡನ್ ಕಾಲೇಜಿನ ಪ್ರಾಚಾರ್ಯರಾಗಿದ್ದ ವಿ. ಕೃ. ಗೋಕಾಕರ ‘ಸಮುದ್ರದಾಚೆಯಿಂದ’, ಕೃಷ್ಣಾನಂದ ಕಾಮತರ ‘ನಾನೂ ಅಮೇರಿಕೆಗೆ ಹೋಗಿದ್ದೆ’ ಇವು ಕಲಿಯಹೋದವರ ಕೃತಿಗಳು. ಮೂರನೆಯದು ಪರದೇಶದಲ್ಲಿ ನೆಲೆಸಿದ ಮಕ್ಕಳನ್ನೂ ಬಂಧುಗಳನ್ನೂ ಕಾಣಹೋದವರ, ಇಲ್ಲವೆ ಸಭೆ ಸಮ್ಮೇಳನಗಳ ಆಮಂತ್ರಣದ ಮೇರೆಗೆ ಹೋದವರ ಬಗೆ. ಈ ಪ್ರಕಾರಕ್ಕೆ ಮನ್ನಣೆಯ ಕೊರತೆಯಿಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ೧೯೮೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನೇ ಪಡೆಯಿತು.

ನಾಲ್ಕನೆಯ ಬಗೆಯೊಂದುಂಟು. ಅದರಲ್ಲಿ ಪ್ರವಾಸಿಯನ್ನು ಯಾರೂ ಕರೆದಿಲ್ಲ. ನಿಲ್ದಾಣದಲ್ಲಿ ಯಾರೂ ಕಾದಿಲ್ಲ. ಗಂಟಿನಲ್ಲಿ ಇದ್ದಷ್ಟೇ ಹಣ. ಊರ ಜನ ಹತ್ತುವ ಬಸ್ಸನ್ನೇ ಹತ್ತಬೇಕು, ಅವರು ಉಣ್ಣುವ ಖಾನಾವಳಿಯಲ್ಲಿಯೇ ಉಣ್ಣಬೇಕು, ದಾರಿಯನ್ನು ಬಾಯಿಬಿಟ್ಟು ಕೇಳಬೇಕು. ಕೇಳಿದವನಿಗೆ ಮಾತ್ರ ಉತ್ತರ ದೊರೆಯುತ್ತದೆ. ಮೋಟಾರಿನಲ್ಲಿ ಕುಳಿತವನಿಗೆ ಚಾಲಕನೇ ಎಲ್ಲವನ್ನೂ ಬಲ್ಲನಾದುದರಿಂದ ಕೇಳುವ ಪ್ರಸಂಗವೇ ಬರುವುದಿಲ್ಲ. ಆದರೆ ಅಗ್ಗದ ಪ್ರವಾಸವೆಂಬುದೇ ಒಂದು ಗುಣವಲ್ಲ. ‘ಇಷ್ಟೇ ರೂಪಾಯಿಯಲ್ಲಿ ಇಡೀ ದ್ವೀಪವನ್ನು ಸುತ್ತಿದೆ’ ಎಂದು ಪುಟಪುಟಕ್ಕೂ ಲೆಕ್ಕ ಕೊಡುವವನ ಗ್ರಂಥವು ಕಿರಾಣಿ ಅಂಗಡಿಯ ಖಾತೆಯಾದೀತೇ ಹೊರತು ಸಾಹಿತ್ಯವಾಗದು. ಕಡಿಮೆ ಖರ್ಚು ಅವನನ್ನು ಜನರ ನಡುವೆ ಕೂರಿಸುತ್ತದೆ. ಕೂತ ಮೇಲೆ ಅವನು ಏನು ಮಾಡಿದನೆಂಬುದೇ ವಿಮರ್ಶಕನು ನೋಡಬೇಕಾದ ಸಂಗತಿ.

ದ್ವೀಪವನ್ನು ಕುರಿತ ಬರವಣಿಗೆಯಲ್ಲಿ ಈ ಭೇದವು ಸ್ಪಷ್ಟವಾಗಿ ಕಾಣುತ್ತದೆ. ಡೇನಿಯಲ್ ಡೀಫೋ ಬರೆದ ‘ರಾಬಿನ್ಸನ್ ಕ್ರೂಸೋ’ (೧೭೧೯) ಕಥೆಯನ್ನು ನಮ್ಮ ಶಾಲೆಯ ಮಕ್ಕಳೂ ಬಲ್ಲರು. ಹಡಗೊಡೆದು ದಡ ಸೇರಿದ ಕ್ರೂಸೋ ಬೇಲಿ ಕಟ್ಟುತ್ತಾನೆ, ಆಡು ಸಾಕುತ್ತಾನೆ, ಆ ದ್ವೀಪಕ್ಕೆ ತಾನೇ ದೊರೆಯೆಂದು ಭಾವಿಸುತ್ತಾನೆ. ಎಷ್ಟೋ ವರುಷಗಳ ಮೇಲೆ ದೊರೆತ ಮನುಷ್ಯನೊಬ್ಬನ ಹೆಸರನ್ನು ಕೇಳುವ ಗೋಜಿಗೂ ಹೋಗುವುದಿಲ್ಲ; ತಾನೇ ‘ಫ್ರೈಡೇ’ ಎಂದು ಹೆಸರಿಡುತ್ತಾನೆ. ಇದು ಬರಿದಾದ ದ್ವೀಪ. ಬಂದವನಿಗಾಗಿಯೇ ಕಾದಿದ್ದ ದ್ವೀಪ.

ಇದಕ್ಕೆ ಸುಮಾರು ೪೦ ವರ್ಷ ಮೊದಲು, ೧೬೮೧ರಲ್ಲಿ, ರಾಬರ್ಟ್ ನಾಕ್ಸ್ ಎಂಬ ಇಂಗ್ಲಿಷ್ ನಾವಿಕನು ಸಿಂಹಳದ್ವೀಪವನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದನು. ಅವನು ೧೬೬೦ರಲ್ಲಿ ಕ್ಯಾಂಡಿಯ ಅರಸನ ಸೆರೆಗೆ ಸಿಕ್ಕಿ, ೧೬೭೯ರಲ್ಲಿ ತಪ್ಪಿಸಿಕೊಂಡವನು. ಅವನನ್ನು ಕೋಣೆಯಲ್ಲಿ ಕೂಡಿಹಾಕದೆ ಹಳ್ಳಿಗಳಲ್ಲಿ ಇರಿಸಿದ್ದರು. ಹೊಟ್ಟೆಪಾಡಿಗೆ ಟೊಪ್ಪಿಗೆ ಹೆಣೆದು ಮಾರಿದನು. ಹೊರೆ ಹೊತ್ತು ಊರೂರು ತಿರುಗಿ ವ್ಯಾಪಾರ ಮಾಡಿದನು. ಆದುದರಿಂದಲೇ ಅವನ ಗ್ರಂಥದಲ್ಲಿ ನೇಗಿಲುಂಟು, ಗದ್ದೆಗೆ ನೀರು ಕಟ್ಟುವ ಕ್ರಮವುಂಟು, ಊಟದ ಪದ್ಧತಿಯುಂಟು, ಮದುವೆ ನ್ಯಾಯಪಂಚಾಯತಿಗಳುಂಟು. ಅವನ ಮತಾಭಿಮಾನವೂ ತಿರಸ್ಕಾರವೂ ಅಲ್ಲಲ್ಲಿ ಇಣುಕುತ್ತವೆ, ನಿಜ. ಆದರೂ ಅದು ಜನರಿಂದ ತುಂಬಿದ ದ್ವೀಪ. ಡೀಫೋ ಈ ಗ್ರಂಥದಿಂದ ಪ್ರೇರಣೆ ಪಡೆದನೆಂದು ವಿದ್ವಾಂಸರು ಹೇಳುತ್ತಾರೆ. ಹಾಗಿದ್ದರೆ ಅವನು ಮಾಡಿದ ಮುಖ್ಯ ಬದಲಾವಣೆ ದ್ವೀಪದಿಂದ ಜನರನ್ನು ತೆಗೆದುಹಾಕಿದ್ದೇ! ಇಂದಿನ ಜಾಹೀರಾತುಗಳಲ್ಲಿ ಕಾಣುವ ನಿರ್ಜನವಾದ ಮರಳದಂಡೆ, ಬಾಗಿದ ತೆಂಗು, ನೀಲಿ ನೀರು ಇವು ಕ್ರೂಸೋನ ದ್ವೀಪದ ಸಂತತಿ. ನಾಕ್ಸನ ದ್ವೀಪಕ್ಕೆ ಜಾಹೀರಾತಿಲ್ಲ.

ಇನ್ನು ಅಂಡಮಾನಿಗೆ ಬರೋಣ. ಬ್ರಿಟಿಷರು ೧೮೫೮ರಲ್ಲಿ ಅಲ್ಲಿ ಖೈದಿಗಳ ವಸಾಹತನ್ನು ಸ್ಥಾಪಿಸಿದರು; ಸೆಲ್ಯುಲರ್ ಜೈಲಿನ ಕಟ್ಟಡವು ೧೯೦೬ರಲ್ಲಿ ಮುಗಿಯಿತು. ‘ಕರಿನೀರಿನ ಶಿಕ್ಷೆ’ ಎಂಬ ಮಾತು ಕನ್ನಡ ಮರಾಠಿಗಳೆರಡರಲ್ಲಿಯೂ ಅಂದಿನಿಂದ ಬೇರೂರಿದೆ. ೧೯೧೧ರಿಂದ ೧೯೨೧ರವರೆಗೆ ಅಲ್ಲಿದ್ದ ವಿ. ದಾ. ಸಾವರ್ಕರರ ‘ಮಾಝೀ ಜನ್ಮಠೇಪ’ (೧೯೨೭) ಗ್ರಂಥವನ್ನು ನಮ್ಮ ಗಡಿಭಾಗದ ಓದುಗರು ಮೂಲದಲ್ಲಿಯೇ ಓದಿರುತ್ತಾರೆ. ಅದೇ ಜೈಲಿನಲ್ಲಿದ್ದ ಅವರ ಅಣ್ಣ ಬಾಬಾರಾವ್ ಸಾವರ್ಕರರು ೧೯೪೫ರಲ್ಲಿ ತೀರಿಕೊಂಡದ್ದು ನಮ್ಮ ಸಾಂಗಲಿಯಲ್ಲಿಯೇ. ಆ ಗ್ರಂಥದಲ್ಲಿ ದ್ವೀಪವೆಂದರೆ ಗೋಡೆ, ಗಾಣ, ಬೇಡಿ. ಕೋಣೆಯಲ್ಲಿದ್ದವನು ಕೋಣೆಯನ್ನೇ ಬರೆದರೆ ಅದು ಪ್ರಾಮಾಣಿಕತೆ. ಕನ್ನಡದಲ್ಲಿ ಈ ದ್ವೀಪಗಳ ಪ್ರವಾಸಕಥನವನ್ನು ಬರೆದವರು ಡಾ. ರಹಮತ್ ತರೀಕೆರೆಯವರು, ಸೂಫಿಗಳ, ನಾಥಪಂಥದ ಅಧ್ಯಯನಕ್ಕಾಗಿ ಕರ್ನಾಟಕವನ್ನು ಊರೂರು ತಿರುಗಿದ ವಿದ್ವಾಂಸರು. ಅವರ ಗ್ರಂಥದ ಹೆಸರು ‘ಅಂಡಮಾನ್ ಕನಸು’. ಒಂದು ಭಾಷೆಯಲ್ಲಿ ಶಿಕ್ಷೆ, ಇನ್ನೊಂದರಲ್ಲಿ ಕನಸು. ಎರಡು ಶೀರ್ಷಿಕೆಗಳ ನಡುವಿನ ಈ ದೂರವೇ ಒಂದು ಶತಮಾನದ ಇತಿಹಾಸವನ್ನು ಹೇಳುತ್ತದೆ. ಬಲವಂತದಿಂದ ಹೋಗುತ್ತಿದ್ದ ಸ್ಥಳಕ್ಕೆ ಈಗ ನಾವು ಟಿಕೀಟು ಕೊಂಡು ಹೋಗುತ್ತೇವೆ.

ಈ ಲೇಖಕನೂ ಒಂದು ಬೇಸಿಗೆಯ ರಜೆಯಲ್ಲಿ ಹಾಗೆ ಹೋದವನೇ. ಸೊಲ್ಲಾಪುರದಲ್ಲಿ ರೈಲು ಹತ್ತಿ ಚೆನ್ನೈ, ಅಲ್ಲಿಂದ ಸರಕಾರದ ಹಡಗಿನ ಕೆಳಗಿನ ವರ್ಗದಲ್ಲಿ ಮೂರು ದಿನಗಳ ಸಮುದ್ರ. ವಿಮಾನದಲ್ಲಿ ಎರಡು ತಾಸಿನ ದಾರಿಯದು. ಆದರೆ ಅಂಡಮಾನಿನ ಜನರು ಯಾರೆಂಬುದು ನನಗೆ ತಿಳಿದದ್ದು ಆ ಮೂರು ದಿನಗಳಲ್ಲಿಯೇ. ಪಕ್ಕದ ಮಂಚದ ಮುದುಕನು ಬಂಗಾಲಿ. ೧೯೪೯ರಿಂದ ಮೊದಲುಗೊಂಡು ಪೂರ್ವ ಬಂಗಾಲದ ನಿರಾಶ್ರಿತರನ್ನು ಅಲ್ಲಿ ನೆಲೆಗೊಳಿಸಿದಾಗ ತಂದೆಯ ಕೈಹಿಡಿದು ಬಂದವನು. ಚೆನ್ನೈಗೆ ಔಷಧೋಪಚಾರಕ್ಕೆ ಹೋಗಿ ಮರಳುತ್ತಿದ್ದನು. ಎದುರಿಗಿದ್ದವರು ರಾಂಚಿಯ ಕಡೆಯಿಂದ ಕಾಡಿನ ಕೂಲಿಗೆಂದು ಒಯ್ದ ಆದಿವಾಸಿಗಳ ಮೊಮ್ಮಕ್ಕಳು. ಖೈದಿಗಳ ಸಂತತಿಯವರಿಗೆ ‘ಲೋಕಲ್ ಬಾರ್ನ್’ ಎಂಬ ಹೆಸರುಂಟು. ಅವರಲ್ಲಿ ಯಾರ ಪೂರ್ವಜರು ಯಾವ ಜಾತಿಯವರೆಂದು ಕೇಳುವವರೂ ಕಡಿಮೆ, ಹೇಳುವವರೂ ಕಡಿಮೆ. ಮಾಯಾಬಂದರದ ಕಡೆ ೧೯೨೫ರಲ್ಲಿ ಬರ್ಮಾದಿಂದ ಬಂದ ಕರೆನ್ ಜನರಿದ್ದಾರೆ. ಇವರೆಲ್ಲರೂ ತಮ್ಮತಮ್ಮೊಳಗೆ ಆಡುವುದು ಒಂದು ಬಗೆಯ ಹಿಂದಿ. ಮನೆಯಲ್ಲೊಂದು, ಶಾಲೆಯಲ್ಲೊಂದು, ಕಚೇರಿಯಲ್ಲೊಂದು ಭಾಷೆಯಾಡುವ ನಮ್ಮ ಜತ್ತ ತಾಲೂಕಿನವರಿಗೆ ಇದು ಅಪರಿಚಿತವೆನಿಸಲಾರದು.

೨೦೨೪ರಲ್ಲಿ ಶ್ರೀ ವಿಜಯಪುರಂ ಎಂದು ಹೊಸ ಹೆಸರು ಪಡೆದ ಪೋರ್ಟ್ ಬ್ಲೇರಿನಿಂದ ದ್ವೀಪದಿಂದ ದ್ವೀಪಕ್ಕೆ ಸರಕಾರದ ದೋಣಿಗಳಿವೆ. ಉತ್ತರದ ದಿಗ್ಲಿಪುರದವರೆಗೆ ಬಸ್ಸುಗಳಿವೆ. ದೋಣಿಯ ಕಿಟಕಿಯಲ್ಲಿ ದ್ವೀಪವಾಸಿಗಳಿಗೆ ಬೇರೆ ದರ, ನಮಗೆ ಬೇರೆ ದರ. ಇದನ್ನು ಅನ್ಯಾಯವೆಂದು ಗೊಣಗುವ ಪ್ರವಾಸಿಗರನ್ನು ಕಂಡೆನು. ಅಲ್ಲಿಯ ಜನರಿಗೆ ದೋಣಿಯೇ ಆಸ್ಪತ್ರೆಯ ದಾರಿ, ಸಂತೆಯ ದಾರಿ, ಪರೀಕ್ಷೆಯ ದಾರಿ. ನಾನು ಕುಳಿತ ಸ್ಥಳವು ಇನ್ನೊಬ್ಬನಿಗೆ ತಪ್ಪಿದ ಸ್ಥಳವಾಗಿರಬಹುದು. ಅಗ್ಗದ ಪ್ರವಾಸಿಯು ತಾನು ಯಾರ ಋಣದಲ್ಲಿಯೂ ಇಲ್ಲವೆಂದು ಹೆಮ್ಮೆಪಡುತ್ತಾನೆ. ಅವನ ಟಿಕೀಟಿನ ಕೊರತೆಯನ್ನು ತುಂಬಿದವರು ಬೇರೆಯವರೆಂಬುದನ್ನು ಮರೆಯುತ್ತಾನೆ. ಬಸ್ಸು ದೋಣಿಗಳನ್ನು ಹೊಗಳಿ ಬರೆದ ಗ್ರಂಥಗಳಲ್ಲಿಯೂ ಈ ಋಣದ ಮಾತು ಬರುವುದು ವಿರಳ.

ಇಲ್ಲಿಯವರೆಗೆ ಹೇಳಿದ್ದರ ಸಾರವು ಇಷ್ಟು: ಜನರ ವಾಹನದಲ್ಲಿ ಹೋದವನು ನಾಕ್ಸನ ದ್ವೀಪವನ್ನು ಕಾಣುತ್ತಾನೆ, ಉಳಿದವರು ಕ್ರೂಸೋನ ದ್ವೀಪವನ್ನು ಕಾಣುತ್ತಾರೆ. ಆದರೆ ಈ ಸಿದ್ಧಾಂತವು ಅಂಡಮಾನಿನ ಹೆದ್ದಾರಿಯ ಮೇಲೆಯೇ ಮುಗ್ಗರಿಸುತ್ತದೆಂಬುದನ್ನು ಒಪ್ಪಿಕೊಳ್ಳಬೇಕು. ಉತ್ತರಕ್ಕೆ ಹೋಗುವ ಆ ರಸ್ತೆಯು ಜಾರವಾ ಜನರ ಕಾಡನ್ನು ಹಾಯ್ದು ಹೋಗುತ್ತದೆ. ೨೦೧೧ರ ಜನಗಣತಿಯಲ್ಲಿ ಅವರ ಸಂಖ್ಯೆ ೩೮೦. ಅವರ ರಕ್ಷಣೆಗೆಂದು ೧೯೫೬ರಲ್ಲಿಯೇ ಸರಕಾರವು ವಿಶೇಷ ನಿಯಮವನ್ನು ಮಾಡಿತು. ಹೊರಗಿನ ರೋಗಗಳು, ಹೆಂಡ, ತಂಬಾಕು ಅವರನ್ನು ಮುಟ್ಟಬಾರದೆಂಬ ಕಾಳಜಿಯಿಂದ ಈ ರಸ್ತೆಯ ಭಾಗವನ್ನು ಮುಚ್ಚಬೇಕೆಂದು ೨೦೦೨ರಲ್ಲಿ ಸುಪ್ರೀಂ ಕೋರ್ಟು ಆಜ್ಞೆ ಮಾಡಿತ್ತು. ಮುಂದೆಯೂ ವಾಹನಗಳು ಓಡಿದವು. ೨೦೧೨ರಲ್ಲಿ, ಪ್ರವಾಸಿಗರ ಮುಂದೆ ಆ ಜನರನ್ನು ಕುಣಿಸಿದ ಚಲಚ್ಚಿತ್ರದ ತುಣುಕು ಹೊರಬಿದ್ದು ದೇಶವೇ ತಲೆತಗ್ಗಿಸಬೇಕಾಯಿತು.

ನಾನು ಹೋದಾಗ ಜಿರ್ಕಾಟಾಂಗಿನ ಕಾವಲುಗಟ್ಟೆಯಲ್ಲಿ ವಾಹನಗಳನ್ನು ಸಾಲುಗೂಡಿಸಿ, ಪೋಲೀಸರ ಬೆಂಗಾವಲಿನಲ್ಲಿ ಬಿಡುತ್ತಿದ್ದರು. ನಿಲ್ಲಬಾರದು, ಚಿತ್ರ ತೆಗೆಯಬಾರದು, ತಿನಿಸು ಕೊಡಬಾರದು ಎಂದು ಫಲಕವಿತ್ತು. ನಮ್ಮದು ಅದೇ ಜನರ ಬಸ್ಸು. ಚೀಲ, ಕೋಳಿ, ಶಾಲೆಯ ಮಕ್ಕಳು ಎಲ್ಲರೂ ಇದ್ದರು. ನಡುದಾರಿಯಲ್ಲಿ ಯಾರೋ ‘ಅಲ್ಲಿ ನೋಡಿ’ ಎಂದರು. ಅರ್ಧ ಬಸ್ಸು ಎದ್ದು ನಿಂತಿತು. ಶಾಲೆಯಲ್ಲಿ ಮಕ್ಕಳಿಗೆ ಸಭ್ಯತೆಯ ಪಾಠ ಹೇಳುವ ನಾನೂ ಎದ್ದು ನಿಂತೆನು. ಕಂಡದ್ದನ್ನು ಇಲ್ಲಿ ವರ್ಣಿಸುವುದಿಲ್ಲ. ಕುಳಿತ ಮೇಲೆ ನಾಚಿಕೆಯಾಯಿತೆಂಬುದನ್ನಷ್ಟೇ ಹೇಳಬೇಕಾಗಿದೆ. ಜನರ ಬಸ್ಸಿನಲ್ಲಿ ಕುಳಿತರೂ ಹೊರಗಿನ ಒಬ್ಬರ ಪಾಲಿಗೆ ನಾನು ಕ್ರೂಸೋನೇ ಆಗಿದ್ದೆನು.

ಈ ನಾಚಿಕೆಗೆ ನಮ್ಮೂರಿನ ಕಡೆಯದೊಂದು ಕಾರಣವುಂಟು. ಒಂದು ಬರಗಾಲದ ವರ್ಷ, ನಮ್ಮ ಶಾಲೆಯ ಎದುರಿನ ರಸ್ತೆಯಲ್ಲಿ ನೀರಿನ ಟ್ಯಾಂಕರಿಗಾಗಿ ಹೆಣ್ಣುಮಕ್ಕಳು ಕೊಡಗಳ ಸಾಲು ಹಚ್ಚಿ ನಿಂತಿದ್ದರು. ದೂರದ ಪಟ್ಟಣದಿಂದ ಮೋಟಾರಿನಲ್ಲಿ ಬಂದ ಕೆಲವರು ಇಳಿಯದೆಯೇ ಫೋಟೋ ತೆಗೆದುಕೊಂಡು ಮುಂದೆ ಸಾಗಿದರು. ಹೆಂಗಸರು ಸೆರಗನ್ನು ಮುಖಕ್ಕೆ ಎಳೆದುಕೊಂಡರು. ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಒಳಗೆ ಬಂದು, ‘ಸರ, ನಮ್ಮವ್ವನ ಫೋಟೋ ತಗೊಂಡ್ರು, ಹೆಸರ ಕೇಳ್ಲೇ ಇಲ್ರೀ’ ಎಂದಳು. ಆಗ ನಾನು ಆ ಮೋಟಾರಿನವರನ್ನು ಬೈದು ಸಮಾಧಾನ ಹೇಳಿದೆನು. ಜಿರ್ಕಾಟಾಂಗಿನ ದಾರಿಯಲ್ಲಿ ಆ ಬೈಗುಳವು ನನ್ನನ್ನೇ ಹುಡುಕಿಕೊಂಡು ಬಂದಿತು. ಗಡಿಭಾಗದವರಾದ ನಾವು ಯಾವಾಗಲೂ ನೋಡಿಸಿಕೊಳ್ಳುವವರು. ‘ಬರಪೀಡಿತ’, ‘ಗಡಿ’ ಎಂಬೆರಡು ಹೆಸರುಗಳನ್ನು ನಮಗೆ ಇಟ್ಟವರು ನಮ್ಮ ಹೆಸರನ್ನು ಕೇಳಿದ್ದು ಕಡಿಮೆ.

ಆದುದರಿಂದ ಪ್ರವಾಸಗ್ರಂಥಕ್ಕೆ ಮೂರು ಒರೆಗಳನ್ನು ಸೂಚಿಸುತ್ತೇನೆ. ಮೊದಲನೆಯದು ಹೆಸರು: ಗ್ರಂಥದಲ್ಲಿ ಕಾಣುವ ಮನುಷ್ಯರಿಗೆ ಅವರದೇ ಆದ ಹೆಸರು, ಉದ್ಯೋಗ, ಮಾತು ಇವೆಯೇ, ಅಥವಾ ಅವರು ದೃಶ್ಯದ ಮೂಲೆಯಲ್ಲಿ ನಿಂತ ಮರಗಳೇ? ಎರಡನೆಯದು ಋಣ: ತನ್ನನ್ನು ಒಯ್ದವರು, ಉಣಿಸಿದವರು, ತನಗೆ ಸ್ಥಳ ಬಿಟ್ಟವರು ಯಾರೆಂಬುದು ಲೇಖಕನಿಗೆ ನೆನಪಿದೆಯೇ? ಮೂರನೆಯದು ಸಂಯಮ: ನೋಡಬಾರದ್ದನ್ನು ನೋಡದಿರುವ, ನೋಡಿದ್ದರೆ ವರ್ಣಿಸದಿರುವ ವಿವೇಕವು ಅವನಿಗಿದೆಯೇ? ಕೆಲವೆಡೆ ಹೆಸರು ಕೇಳುವುದೇ ಗೌರವ. ಕೆಲವೆಡೆ ಕೇಳದೆ ದೂರದಿಂದ ದಾರಿ ಬಿಡುವುದೇ ಗೌರವ. ನಮ್ಮ ಅಲಂಕಾರಿಕರು ಔಚಿತ್ಯವನ್ನು ಕಾವ್ಯದ ಜೀವವೆಂದರು. ಪ್ರವಾಸಸಾಹಿತ್ಯದಲ್ಲಿ ಆ ಔಚಿತ್ಯವು ಬರೆಯುವುದಕ್ಕೆ ಮುಂಚೆ, ಕಾಲು ಹೊರಗಿಟ್ಟಾಗಲೇ ಆರಂಭವಾಗಬೇಕು.

ಈ ಒರೆಗಳನ್ನು ಉಪಯೋಗಿಸಲು ಅಂಡಮಾನಿಗೇ ಹೋಗಬೇಕೆಂದಿಲ್ಲ. ನಮ್ಮ ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಗಡಿಯಾಚೆಯಿಂದ ಬುತ್ತಿ ಕಟ್ಟಿಕೊಂಡು ನಡೆದು ಬರುವವರನ್ನು ನೋಡಿರಿ. ದಾರಿಯ ಪ್ರತಿಯೊಂದು ಊರಿನಲ್ಲಿ ಯಾರು ನೀರು ಕೊಟ್ಟರು, ಯಾರ ಪಡಸಾಲೆಯಲ್ಲಿ ಮಲಗಿದೆವು ಎಂಬುದು ಅವರ ನಾಲಗೆಯ ಮೇಲಿರುತ್ತದೆ. ಅವರಾರೂ ಗ್ರಂಥ ಬರೆದವರಲ್ಲ. ಬರೆಯುವ ನಮಗೆ ಆ ನೆನಪಿಲ್ಲ. ಶಿಕ್ಷಕ ಬಂಧುಗಳಲ್ಲಿ ನನ್ನದೊಂದು ವಿನಂತಿ: ನಿಬಂಧದ ತಾಸಿನಲ್ಲಿ ಕಾಣದ ತಾಜಮಹಲನ್ನು ವರ್ಣಿಸಲು ಹೇಳುವ ಬದಲು, ಜತ್ತದಿಂದ ಉಮದಿಯವರೆಗೆ ಎಸ್.ಟಿ.ಯಲ್ಲಿ ಹೋಗಿಬಂದದ್ದನ್ನು ಬರೆಸಿರಿ. ಪಕ್ಕದಲ್ಲಿ ಕುಳಿತವರ ಹೆಸರನ್ನೂ ಅವರು ಯಾವ ಕೆಲಸಕ್ಕೆ ಹೊರಟಿದ್ದರೆಂಬುದನ್ನೂ ಕೇಳಿ ಬರೆಯಲಿ. ಅವರು ಹೇಳಲೊಲ್ಲದಿದ್ದರೆ ಬಿಟ್ಟುಬಿಡಲಿ. ಕನ್ನಡದ ಮುಂದಿನ ಪ್ರವಾಸಗ್ರಂಥವು ಹಾಗೆ ಕೇಳಲು ಕಲಿತ ಮಗುವಿನಿಂದ ಬರಲೆಂದು ಹಾರೈಸುತ್ತೇನೆ.