ಒಂದು ಟೈಮ್, ಹಲವು ಹೊತ್ತು

ಇಂಗ್ಲಿಷಿನ ‘ಟೈಮ್’ ಎಂಬ ಪದ ಎದುರಾದಾಗ ನಮ್ಮ ಅನುವಾದಕರು ಹೆಚ್ಚಾಗಿ ‘ಸಮಯ’ ಎಂದು ಬರೆದು ಮುಂದೆ ಹೋಗುತ್ತಾರೆ. ಆದರೆ ಆ ಒಂದೇ ಪದ ಗಂಟೆ ಕೇಳುವುದಕ್ಕೂ ಬೇಕು, ‘ಮೂರು ಸಲ’ ಎನ್ನುವುದಕ್ಕೂ ಬೇಕು, ‘ಅಜ್ಜನ ಕಾಲ’ಕ್ಕೂ ಬೇಕು, ಸಂಗೀತದಲ್ಲಿ ಅದು ತಾಳ, ಜೈಲಿನ ಮಾತಿನಲ್ಲಿ ಶಿಕ್ಷೆಯ ಅವಧಿ. ಕನ್ನಡ ಇವನ್ನೆಲ್ಲ ಬೇರೆಬೇರೆಯಾಗಿ ಇಟ್ಟುಕೊಂಡಿದೆ. ಹಾಗೆಯೇ ನಮ್ಮ ‘ಹೊತ್ತು’ ಪದವನ್ನು ‘ಟೈಮ್’ ಎಂದುಬಿಟ್ಟರೂ ಅರ್ಥದ ಬಹುಪಾಲು ಉದುರಿಹೋಗುತ್ತದೆ. ಹೊತ್ತು ಎಂದರೆ ಸೂರ್ಯ: ಹುಟ್ಟುತ್ತದೆ, ನೆತ್ತಿಗೇರುತ್ತದೆ, ಮುಳುಗುತ್ತದೆ. ಊಟದ ಲೆಕ್ಕವೂ ಹೊತ್ತೇ: ಎರಡು ಹೊತ್ತಿನ ಗಂಜಿಗೆ ಗತಿಯಿಲ್ಲದವರು ಎನ್ನುತ್ತೇವೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಕಾದಂಬರಿಗಳನ್ನು ಓದುವಾಗ ಈ ವ್ಯತ್ಯಾಸಗಳು ನೆನಪಿರಬೇಕು. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯಲ್ಲಿ ನಾರಣಪ್ಪನ ಶವಸಂಸ್ಕಾರ ಆಗುವವರೆಗೆ ಅಗ್ರಹಾರದವರು ಉಣ್ಣುವಂತಿಲ್ಲ. ಪ್ರಾಣೇಶಾಚಾರ್ಯರು ಗ್ರಂಥಗಳಲ್ಲಿ ಉತ್ತರ ಹುಡುಕುತ್ತಿದ್ದಾರೆ. ಆ ಹುಡುಕಾಟ ಎಷ್ಟು ಲಂಬಿಸಿತೆಂದು ಹಸಿದ ಹೊಟ್ಟೆಗಳೇ ಹೇಳುತ್ತವೆ. ಶಾಸ್ತ್ರದ ಕಾಲಕ್ಕೆ ಅವಸರವಿಲ್ಲ, ಊಟದ ಹೊತ್ತು ಕಾಯುವುದಿಲ್ಲ. ಎರಡನ್ನೂ ‘ಸಮಯ’ ಎಂದು ಓದಿದರೆ ಕಾದಂಬರಿಯ ವ್ಯಂಗ್ಯ ಕೈತಪ್ಪುತ್ತದೆ.

ಸಾಗರದಲ್ಲಿ ಬಾಳಿದ ನಾ. ಡಿಸೋಜ ಅವರ ‘ದ್ವೀಪ’ಕ್ಕೆ ಶರಾವತಿ ಮುಳುಗಡೆಯ ಹಿನ್ನೆಲೆಯಿದೆ. ಮಲೆನಾಡಿನ ರೈತ ಮಳೆಗಾಲವನ್ನು ನಕ್ಷತ್ರಗಳ ಹೆಸರಲ್ಲಿ ಎಣಿಸುತ್ತಾನೆ: ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಒಂದೊಂದು ಮಳೆಗೂ 13-14 ದಿನ. ಆ ಲೆಕ್ಕದಲ್ಲಿ ಏರಿದ ಹೊಳೆ ಇಳಿಯಲೇಬೇಕು, ಹೋದ ಕಾಲ ಮರಳಲೇಬೇಕು. 1964ರ ಲಿಂಗನಮಕ್ಕಿ ಅಣೆಕಟ್ಟು ಇದನ್ನು ಕೆಡಿಸಿತು. ಸಾಗರ, ಹೊಸನಗರ ತಾಲ್ಲೂಕುಗಳ ಊರುಗಳಿಗೆ ಈಗ ಸಿಕ್ಕಿದ್ದು ಗಡುವು, ಮತ್ತು 1819 ಅಡಿ ಎಂಬ ನೀರಿನ ಮಟ್ಟ. ಊರವರು ಹೋದ ಮೇಲೂ ಗುಡ್ಡದಲ್ಲಿ ಉಳಿಯುವ ‘ದ್ವೀಪ’ದ ಕುಟುಂಬವನ್ನು ಬರೀ ಹಟಮಾರಿಗಳೆಂದು ಓದಬಾರದು. ಅವರು ಬದುಕಿದ್ದು ಮರಳಿ ಬರುವ ಕಾಲದಲ್ಲಿ. ಅವರ ಮೇಲೆ ಬಂದದ್ದು ಒಮ್ಮೆ ದಾಟಿದರೆ ಮುಗಿದೇಹೋಗುವ ಗಡುವು. ಹೊತ್ತಿಗೂ ಊರಿಗೂ ಕನ್ನಡದಲ್ಲಿ ಕ್ರಿಯಾಪದ ಒಂದೇ, ಮುಳುಗು. ಆದರೆ ಮುಳುಗಿದ ಹೊತ್ತು ಮಾತ್ರ ಮರುದಿನ ಹುಟ್ಟುತ್ತದೆ.

ಆದ್ದರಿಂದ ಅನುವಾದಕ್ಕೆ ಕೂರುವ ವಿದ್ಯಾರ್ಥಿಗಳು ಪ್ರತಿ ಸಲವೂ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಇದು ಯಾರ ಟೈಮ್? ಈ ಪ್ರಶ್ನೆ ಪುಸ್ತಕಕ್ಕೆ ಮುಗಿಯುವುದಿಲ್ಲ. ಶರಾವತಿ ಸಂತ್ರಸ್ತರಲ್ಲಿ ಎಷ್ಟೋ ಕುಟುಂಬಗಳು 60 ವರ್ಷ ಕಳೆದರೂ ಭೂಮಿಯ ಹಕ್ಕಿಗಾಗಿ ಕಾಯುತ್ತಿವೆ. ‘ಇನ್ನೂ ಸ್ವಲ್ಪ ಟೈಮ್ ಬೇಕು’ ಎಂಬ ಮಾತು ಅವರ ಕಿವಿಗೆ ಬಿದ್ದರೆ, ಅಲ್ಲಿ ಟೈಮ್ ಎಂದರೆ ಒಂದು ತಲೆಮಾರು.