‘ಆದ್ದರಿಂದ’ದ ಆಚೆಗೆ: ಸಮಸ್ಯೆ–ಪರಿಹಾರದ ವಾಕ್ಯಜೋಡಣೆ ಮತ್ತು ಘಟಪ್ರಭಾ ತೀರದ ಶಾಲಾ ಕನ್ನಡ

ಸಾರಾಂಶ: ಸಮಸ್ಯೆಯನ್ನೂ ಅದರ ಪರಿಹಾರವನ್ನೂ ಒಂದೇ ವಾಕ್ಯದಲ್ಲಿ ಜೋಡಿಸಲು ಮಕ್ಕಳಿಗೆ ಕಲಿಸುವಾಗ ಶಾಲಾ ವ್ಯಾಕರಣವು ‘ಆದ್ದರಿಂದ’ದಂತಹ ಸಂಬಂಧಸೂಚಕ ಅವ್ಯಯಗಳನ್ನೇ ಮುಖ್ಯ ಸಾಧನವೆಂದು ಭಾವಿಸುತ್ತದೆ. ಕನ್ನಡದಲ್ಲಿ ಈ ಕೆಲಸವನ್ನು ಹೆಚ್ಚಾಗಿ ನಿರ್ವಹಿಸುವುದು ಕ್ರಿಯಾಪದದ ಅಪೂರ್ಣ ರೂಪಗಳು. ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಆಡುಮಾತನ್ನು ಆಧರಿಸಿ ಈ ಬೋಧನಾಕ್ರಮವನ್ನು ಇಲ್ಲಿ ವಿಮರ್ಶಿಸಿದ್ದೇವೆ.

ಪ್ರಮುಖ ಪದಗಳು: ಸಂಯೋಜಿತ ವಾಕ್ಯ, ಅಪೂರ್ಣ ಕ್ರಿಯೆ, ಕಾರಣಾರ್ಥ, ಉದ್ದೇಶಾರ್ಥ, ಬೆಳಗಾವಿ ಕನ್ನಡ

1. ಪೀಠಿಕೆ

ಶಾಲಾ ವ್ಯಾಕರಣವು ವಾಕ್ಯಗಳನ್ನು ಸಾಮಾನ್ಯ, ಸಂಯೋಜಿತ, ಮಿಶ್ರ ಎಂದು ಮೂರಾಗಿ ವಿಂಗಡಿಸುತ್ತದೆ. ಈ ವಿಂಗಡಣೆ ಕನ್ನಡದ ಹಳೆಯ ವ್ಯಾಕರಣ ಪರಂಪರೆಯಿಂದ ಬಂದದ್ದಲ್ಲ. 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ವು ಸಂಧಿಯಿಂದ ಅವ್ಯಯದವರೆಗೆ ಎಂಟು ಪ್ರಕರಣಗಳನ್ನು ಒಳಗೊಂಡಿದ್ದರೂ ಅದರಲ್ಲಿ ವಾಕ್ಯಕ್ಕೆಂದೇ ಮೀಸಲಾದ ಪ್ರಕರಣವಿಲ್ಲ. ಮೂರು ಬಗೆಯ ವಾಕ್ಯಗಳ ಈ ಚೌಕಟ್ಟು ಇಂಗ್ಲಿಷ್ ಶಾಲಾ ವ್ಯಾಕರಣದ ಮಾದರಿಯದು. ಕನ್ನಡ ವ್ಯಾಕರಣಗಳು ಸಂಸ್ಕೃತದ ಚೌಕಟ್ಟಿಗೆ ಒಗ್ಗಿಕೊಂಡದ್ದನ್ನು ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ದಲ್ಲಿ ಪ್ರಶ್ನಿಸಿದರು. ವಾಕ್ಯದ ಮಟ್ಟದಲ್ಲಿ ಅದೇ ಪ್ರಶ್ನೆಯನ್ನು ಇಂಗ್ಲಿಷಿನ ಚೌಕಟ್ಟನ್ನು ಕುರಿತೂ ಕೇಳಬೇಕಾಗಿದೆ.

ಸ್ವತಂತ್ರವಾಗಿ ನಿಲ್ಲಬಲ್ಲ ಎರಡು ವಾಕ್ಯಗಳು ಕೂಡಿದರೆ ಸಂಯೋಜಿತ ವಾಕ್ಯ ಎಂಬುದು ಶಾಲಾ ವ್ಯಾಖ್ಯೆ. ಈ ವ್ಯಾಖ್ಯೆಯನ್ನು ಅಭ್ಯಾಸವಾಗಿಸಲು ಸುಲಭವಾದ ದಾರಿಯೆಂದರೆ, ಎರಡು ವಾಕ್ಯಗಳನ್ನು ಕೊಟ್ಟು ನಡುವೆ ‘ಆದ್ದರಿಂದ’, ‘ಆದರೆ’, ‘ಹಾಗಾಗಿ’ ಸೇರಿಸಲು ಹೇಳುವುದು. ಈ ಅಭ್ಯಾಸವು ಮಗುವಿಗೆ ಕಲಿಸುವುದಕ್ಕಿಂತ ಹೆಚ್ಚನ್ನು ಮರೆಸುತ್ತದೆ ಎಂಬುದು ನಮ್ಮ ವಾದ.

2. ಪರಿಣಾಮ ಬೇರೆ, ಪರಿಹಾರ ಬೇರೆ

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣದ ತಗ್ಗು ಪ್ರದೇಶಗಳು ಮುಳುಗಿದ್ದವು. ಹೊಳೆ, ಕಬ್ಬು, ದನಕರು ಈ ಸೀಮೆಯ ಮಕ್ಕಳಿಗೆ ಚಿರಪರಿಚಿತವಾದ್ದರಿಂದ ನಮ್ಮ ಉದಾಹರಣೆಗಳನ್ನು ಅಲ್ಲಿಂದಲೇ ರಚಿಸಿಕೊಂಡಿದ್ದೇವೆ.

(1) ಹೊಳೆ ಬಂದು ಕಬ್ಬು ಕೊಳೆಯಿತು.
(2) ?ಹೊಳೆ ಬಂದು ಮಂದಿ ದನಗಳನ್ನು ದಿಬ್ಬಕ್ಕೆ ಸಾಗಿಸಿದರು.
(3) ಹೊಳೆ ಬಂದದ್ದರಿಂದ ಮಂದಿ ದನಗಳನ್ನು ದಿಬ್ಬಕ್ಕೆ ಸಾಗಿಸಿದರು.

‘ಬಂದು’ ಎಂಬ ರೂಪವು ಸಾಮಾನ್ಯವಾಗಿ ಎರಡೂ ಕ್ರಿಯೆಗಳಿಗೆ ಒಬ್ಬನೇ ಕರ್ತೃವನ್ನು ಬಯಸುತ್ತದೆ. (1)ರಲ್ಲಿ ಕರ್ತೃಗಳು ಬೇರೆಯಾದರೂ ವಾಕ್ಯ ಸಹಜವಾಗಿದೆ. ಏಕೆಂದರೆ ಕೊಳೆಯುವುದು ಯಾರ ಇಚ್ಛೆಗೂ ಸೇರಿದ್ದಲ್ಲ, ತಾನಾಗಿ ಒದಗಿದ ಪರಿಣಾಮ. (2) ತೊಡಕೆನಿಸುವುದು ಸಾಗಿಸುವುದು ಇಚ್ಛಾಪೂರ್ವಕ ಕ್ರಿಯೆಯಾದ್ದರಿಂದ. ಅಲ್ಲಿ (3)ರಂತೆ ಕಾರಣವನ್ನು ಬಿಡಿಸಿ ಹೇಳುವ ರೂಪ ಬೇಕಾಗುತ್ತದೆ. ಎಂದರೆ, ತಾನಾಗಿ ಆದದ್ದಕ್ಕೂ ಮನುಷ್ಯರು ಮಾಡಿದ್ದಕ್ಕೂ ಇರುವ ಅಂತರವನ್ನು ಕನ್ನಡ ತನ್ನ ಕ್ರಿಯಾರೂಪಗಳಲ್ಲಿಯೇ ಗುರುತಿಸುತ್ತದೆ. ಸಮಸ್ಯೆ–ಪರಿಹಾರದ ಪಾಠಕ್ಕೆ ಇದಕ್ಕಿಂತ ತಕ್ಕ ತಳಹದಿ ಬೇರೊಂದಿಲ್ಲ.

‘ಆದ್ದರಿಂದ’ ಈ ಅಂತರವನ್ನು ಅಳಿಸುತ್ತದೆ. ‘ಹೊಳೆ ಬಂತು, ಆದ್ದರಿಂದ ಕಬ್ಬು ಕೊಳೆಯಿತು’ ಎಂಬಲ್ಲಿ ಪರಿಣಾಮವಿದೆ. ‘ಹೊಳೆ ಬಂತು, ಆದ್ದರಿಂದ ದನ ಸಾಗಿಸಿದರು’ ಎಂಬಲ್ಲಿ ಪರಿಹಾರವಿದೆ. ‘ಕಬ್ಬು ಒರಗಿದೆ, ಆದ್ದರಿಂದ ಹೊಳೆ ಬಂದಿರಬೇಕು’ ಎಂಬಲ್ಲಿ ಇರುವುದು ಬರಿಯ ಅನುಮಾನ. ಮೂರಕ್ಕೂ ಒಂದೇ ಪದ ಸಲ್ಲುವುದರಿಂದ, ಅದನ್ನು ಸರಿಯಾದ ಜಾಗದಲ್ಲಿ ಬರೆದ ಮಗುವಿಗೆ ಸಂಬಂಧ ತಿಳಿದಿದೆಯೋ ಇಲ್ಲವೋ ಎಂಬುದು ಮೌಲ್ಯಮಾಪಕರಿಗೆ ಗೊತ್ತಾಗುವುದಿಲ್ಲ.

3. ಮಗು ಮನೆಯಿಂದ ತರುವ ವಾಕ್ಯಗಳು

ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಈ ಮೂರು ತಾಲ್ಲೂಕುಗಳ ಆಡುಮಾತಿನಲ್ಲಿ ಕೆಳಗಿನ ಬಗೆಯ ವಾಕ್ಯಗಳು ಸಾಮಾನ್ಯ:

(4) ಹೊಳಿ ಬಂತಂತ ದನಾ ದಿಬ್ಬಕ್ಕ ಹೊಡದ್ವಿ.
(5) ಹೊಳಿ ಬಂದಿದ್ದಕ್ಕ ದನಾ ದಿಬ್ಬಕ್ಕ ಹೊಡದ್ವಿ.
(6) ದನಾ ಉಳಸಾಕ ದಿಬ್ಬಕ್ಕ ಹೊಡದ್ವಿ.
(7) ಹೊಳಿ ಬಂದ್ರ ದನಾ ದಿಬ್ಬಕ್ಕ ಹೊಡೀಬೇಕ.

(4) ಮತ್ತು (5) ಕಾರಣವನ್ನೂ (6) ಉದ್ದೇಶವನ್ನೂ (7) ಮುಂದೆ ಒದಗಬಹುದಾದ ಸಮಸ್ಯೆಗೆ ಸಾರ್ವತ್ರಿಕ ಪರಿಹಾರವನ್ನೂ ಹೇಳುತ್ತವೆ. (4)ರ ‘ಅಂತ’ ಗಮನಾರ್ಹ. ‘ಅನ್ನು’ ಧಾತುವಿನಿಂದ ಬಂದ ಈ ರೂಪ ಇಲ್ಲಿ ಕಾರಣಾರ್ಥಕ್ಕೆ ಹೊರಳಿದೆ. ಮರಾಠಿಯ ‘ಮ್ಹಣೂನ್’ ಕೂಡ ‘ಹೇಳು’ ಎಂಬರ್ಥದ ಧಾತುವಿನಿಂದಲೇ ಬಂದು ಇದೇ ಕೆಲಸ ಮಾಡುತ್ತದೆ. ಗಡಿಸೀಮೆಯ ಭಾಷೆಗಳು ವಾಕ್ಯರಚನೆಯಲ್ಲಿ ಪರಸ್ಪರ ಹತ್ತಿರವಾಗುವ ಬಗೆಯನ್ನು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಸಾಂಗಲಿ ಜಿಲ್ಲೆಯ ಕುಪವಾಡದ ಕನ್ನಡ, ಮರಾಠಿ, ಉರ್ದುಗಳನ್ನು ಮುಂದಿಟ್ಟು ವಿವರಿಸಿದ್ದರು. ಸಂಕೇಶ್ವರದ ಆಸುಪಾಸಿನಲ್ಲಿ ಎರಡೂ ಭಾಷೆ ಬಲ್ಲ ಮಗುವಿಗೆ ‘ಅಂತ’ ಎರಡು ಭಾಷೆಗಳ ನಡುವಣ ಸೇತುವೆ. ತರಗತಿಯಲ್ಲಿ ಅದನ್ನು ಗ್ರಾಮ್ಯವೆಂದು ತಿದ್ದಿದರೆ ಹೋಗುವುದು ಒಂದು ಪದವಷ್ಟೇ ಅಲ್ಲ, ಕಾರಣ ಹೇಳುವ ಒಂದು ಕ್ರಮವೇ.

ವ್ಯಾಖ್ಯೆಯ ತೊಡಕೂ ಇಲ್ಲಿಯೇ ಇದೆ. (5) ಮತ್ತು (6)ರಲ್ಲಿ ಸ್ವತಂತ್ರವಾಗಿ ನಿಲ್ಲಬಲ್ಲ ಎರಡು ವಾಕ್ಯಗಳಿಲ್ಲ. ಆದುದರಿಂದ ಶಾಲಾ ವ್ಯಾಖ್ಯೆಯಂತೆ ಅವು ಸಂಯೋಜಿತ ವಾಕ್ಯಗಳಲ್ಲ. ಸಮಸ್ಯೆ–ಪರಿಹಾರಗಳನ್ನು ಬಿಗಿಯಾಗಿ ಹೆಣೆದ ಮಗು ‘ಸಂಯೋಜಿತ ವಾಕ್ಯ ಬರೆಯಿರಿ’ ಎಂಬ ಪ್ರಶ್ನೆಗೆ ಅಂಕ ಕಳೆದುಕೊಳ್ಳಬಹುದು. ಎರಡು ವಾಕ್ಯಗಳ ನಡುವೆ ಯಾಂತ್ರಿಕವಾಗಿ ‘ಆದ್ದರಿಂದ’ ಇಟ್ಟ ಮಗು ಅಂಕ ಪಡೆಯಬಹುದು.

4. ಅವ್ಯಯದೊಳಗಿನ ಕ್ರಿಯೆ

‘ಆದ್ದರಿಂದ’ವನ್ನು ಕೈಬಿಡಬೇಕೆಂಬುದು ನಮ್ಮ ನಿಲುವಲ್ಲ. ಸಮಸ್ಯೆಯ ವಿವರಣೆಯೇ ನಾಲ್ಕೈದು ವಾಕ್ಯಗಳಿಗೆ ಬೆಳೆದಾಗ ಅದನ್ನು ಒಂದು ಅಪೂರ್ಣ ಕ್ರಿಯೆಯಲ್ಲಿ ಅಡಗಿಸಲಾಗದು. ವಿಜ್ಞಾನ, ಸಮಾಜ ವಿಜ್ಞಾನಗಳ ಬರವಣಿಗೆಗೆ ಇಂತಹ ಪದ ಬೇಕೇ ಬೇಕು. ಆದರೆ ಅದನ್ನು ಹೊರಗಿನಿಂದ ತಂದು ಅಂಟಿಸುವ ಅಗತ್ಯವಿಲ್ಲ. ‘ಆದ್ದರಿಂದ’ ಎಂಬುದು ‘ಆದುದು’ ಎಂಬುದರ ತೃತೀಯಾ ರೂಪ, ‘ಆದರೆ’ ಎಂಬುದು ‘ಆಗು’ವಿನ ಪಕ್ಷಾರ್ಥಕ ರೂಪ, ‘ಹಾಗಾಗಿ’ಯಲ್ಲಿರುವುದು ‘ಆಗಿ’, ‘ಏಕೆಂದರೆ’ಯಲ್ಲಿರುವುದು ‘ಎಂದರೆ’. ಈ ಸಂಬಂಧಸೂಚಕಗಳು ಹೆಪ್ಪುಗಟ್ಟಿದ ಅಪೂರ್ಣ ಕ್ರಿಯೆಗಳೇ. ‘ಬಂದದ್ದರಿಂದ’ವನ್ನು ಬಲ್ಲ ಮಗುವಿಗೆ ‘ಆದ್ದರಿಂದ’ ಹೊಸ ಪಾಠವಲ್ಲ, ಅದರ ಮುಂದಿನ ಹೆಜ್ಜೆ.

ಹೀಗಾಗಿ ಬೋಧನೆಯ ಕ್ರಮ ತಿರುವುಮುರುವಾಗಬೇಕು. ಮೊದಲು ಮಗುವಿನ ಬಾಯಲ್ಲಿರುವ ‘ಬಂತಂತ’, ‘ಬಂದಿದ್ದಕ್ಕ’, ‘ಉಳಸಾಕ’ಗಳನ್ನು ಕರಿಹಲಗೆಯ ಮೇಲೆ ಬರೆಯಬೇಕು; ಬಳಿಕ ಅವುಗಳ ಪಕ್ಕದಲ್ಲಿ ‘ಬಂತೆಂದು’, ‘ಬಂದದ್ದಕ್ಕೆ’, ‘ಉಳಿಸಲು’ ರೂಪಗಳನ್ನು ಇಡಬೇಕು; ‘ಆದ್ದರಿಂದ’ ಬರಬೇಕಾದ್ದು ಕೊನೆಯಲ್ಲಿ.

5. ಕರ್ತೃ ಎಲ್ಲಿ?

ಇನ್ನೊಂದು ಕೊರತೆ ‘ಬೇಕು’ ಪ್ರಯೋಗದ್ದು. ‘ಪ್ರವಾಹ ಬರುತ್ತದೆ; ಆದ್ದರಿಂದ ಕ್ರಮ ಕೈಗೊಳ್ಳಬೇಕು’ ಎಂಬ ವಾಕ್ಯ ವ್ಯಾಕರಣದ ದೃಷ್ಟಿಯಿಂದ ನಿರ್ದುಷ್ಟ. ಆದರೆ ಕನ್ನಡದಲ್ಲಿ ‘ಬೇಕು’ ಕರ್ತೃಪದವಿಲ್ಲದೆಯೂ ನಿಲ್ಲುವುದರಿಂದ, ಕೈಗೊಳ್ಳಬೇಕಾದವರು ಯಾರೆಂಬುದು ಹೇಳದೆಯೇ ಉಳಿಯುತ್ತದೆ. (4)ರಿಂದ (6)ರವರೆಗಿನ ಆಡುಮಾತಿನ ವಾಕ್ಯಗಳಲ್ಲಿ ‘ಹೊಡದ್ವಿ’ ಎಂಬ ಉತ್ತಮಪುರುಷ ಬಹುವಚನ ಪ್ರತ್ಯಯವೇ ಹೊಣೆಗಾರರನ್ನು ಹೇಳಿಬಿಡುತ್ತದೆ. ಮನೆಯಲ್ಲಿ ‘ನಾವು ಮಾಡಿದೆವು’ ಎನ್ನಬಲ್ಲ ಮಗು ಶಾಲೆಯಲ್ಲಿ ‘ಮಾಡಬೇಕು’ ಎಂದು ಮಾತ್ರ ಬರೆಯಲು ಕಲಿತರೆ, ಅದನ್ನು ಭಾಷೆಯ ಬೆಳವಣಿಗೆ ಎನ್ನಲಾಗದು. ಸಮಸ್ಯೆ–ಪರಿಹಾರದ ವಾಕ್ಯವನ್ನು ಅಳೆಯುವಾಗ ಅವ್ಯಯ ಇದೆಯೇ ಎಂಬುದಕ್ಕಿಂತ ಮೊದಲು, ಯಾರು, ಯಾತಕ್ಕಾಗಿ ಮಾಡಿದರು ಎಂಬುದು ವಾಕ್ಯದಿಂದ ತಿಳಿಯುತ್ತದೆಯೇ ಎಂದು ಕೇಳಬೇಕು.